ವೀಸಾದ ಖರ್ಚು ಯಾರು ಕೊಡಬೇಕು?

ಮಂಗಳೂರಿನಿಂದ ಭಟ್ಕಳದವರೆಗಿನ ಕರಾವಳಿಯ ಊರುಗಳಲ್ಲಿ ‘ವೀಸಾ’ ಎಂಬ ಪದಕ್ಕೆ ನಿಘಂಟಿನಲ್ಲಿ ಇಲ್ಲದ ಅರ್ಥವೊಂದುಂಟು. ಅಲ್ಲಿ ವೀಸಾ ಎಂದರೆ ನೌಕರಿ. “ಅವನಿಗೆ ವೀಸಾ ಬಂತು” ಎಂದರೆ ಹುಡುಗ ದುಬೈಗೋ ಜಿದ್ದಾಕ್ಕೋ ಹೊರಟನೆಂದು ತಿಳಿಯಬೇಕು. ಅದರ ಬೆನ್ನಿಗೇ ಬರುವ ಪ್ರಶ್ನೆ, “ಎಷ್ಟು ಕೊಟ್ಟಿರಿ?” ಎಂಬುದು. ಅಕ್ಕಿಯ ಧಾರಣೆ ಕೇಳಿದಷ್ಟು ಸಹಜವಾಗಿ ಇದನ್ನು ಕೇಳುತ್ತಾರೆ. ತಾಯಿಯ ಬಳೆ ಅಡವಿಗೆ ಹೋಯಿತು, ತಂಗಿಯ ಮದುವೆಗೆಂದು ಕೂಡಿಟ್ಟದ್ದು ಕರಗಿತು, ಉಳಿದದ್ದಕ್ಕೆ ಕೈಸಾಲ ಮಾಡಿದೆವು ಎಂಬ ಉತ್ತರವೂ ಅಷ್ಟೇ ಸಹಜವಾಗಿ ಬರುತ್ತದೆ. ಬಜಪೆಯಿಂದ ದುಬೈಗೆ ನೇರ ವಿಮಾನ ಹಾರತೊಡಗಿದ್ದು 2006ರಲ್ಲಿ. ಅದಕ್ಕೂ ಮೊದಲು ಮುಂಬಯಿಯ ದಾರಿ ಹಿಡಿದು ಹೋಗುತ್ತಿದ್ದವರ ಕಾಲದಿಂದಲೂ ಈ ಪ್ರಶ್ನೋತ್ತರ ನಡೆದುಕೊಂಡು ಬಂದಿದೆ.

ಆದರೆ ಕಾಯಿದೆಯ ಪುಸ್ತಕವನ್ನು ತೆರೆದು ನೋಡಿದರೆ ಬೇರೆಯೇ ಮಾತು ಕಾಣುತ್ತದೆ. ವೀಸಾ ಮಾರುವ ಸರಕಲ್ಲ. ಅದನ್ನು ಪಡೆಯುವ ಖರ್ಚಿನ ಬಹುಪಾಲು, ಆಳನ್ನು ಕರೆಸಿಕೊಳ್ಳುವ ಧಣಿಯದು. ಇಲ್ಲಿಯ ಕಾಯಿದೆಯೂ ಅಲ್ಲಿಯ ಕಾಯಿದೆಯೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳುತ್ತವೆ. ಹಾಗಿದ್ದರೂ ಬಡವನ ಮನೆಯ ಚಿನ್ನ ಏಕೆ ಕರಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೊಲ್ಲಿಯ ಅರಬ್ ದೇಶಗಳಲ್ಲಿ ಪರದೇಶದವನು ತನ್ನಷ್ಟಕ್ಕೆ ಹೋಗಿ ಕೆಲಸ ಹುಡುಕಿ ನೆಲಸುವಂತಿಲ್ಲ. ಆ ದೇಶದ ಒಬ್ಬ ಪ್ರಜೆಯೋ ಒಂದು ಸಂಸ್ಥೆಯೋ ಅವನಿಗೆ ಹೊಣೆಯಾಗಿ ನಿಲ್ಲಬೇಕು. ಅರಬ್ಬಿಯಲ್ಲಿ ಇದಕ್ಕೆ ‘ಕಫಾಲ’ ಎಂದು ಹೆಸರು. ನಮ್ಮ ಮಾತಿನಲ್ಲಿ ಜಾಮೀನು ಎಂದರೆ ಸಮೀಪವಾದೀತು. ಹೊಣೆ ನಿಂತವನು ‘ಕಫೀಲ’. ಆಳು ಆ ದೇಶದೊಳಗೆ ಬರುವುದು, ಅಲ್ಲಿರುವುದು, ದುಡಿಯುವುದು, ಇವೆಲ್ಲ ಕಫೀಲನ ಹೆಸರಿಗೆ ಕಟ್ಟಿದ ಗಂಟು. ಸೌದಿ ಅರೇಬಿಯದಲ್ಲಿ ‘ಇಕಾಮ’ ಎಂಬ ನಿವಾಸದ ಚೀಟಿಯಲ್ಲಿ ಆಳಿನ ಹೆಸರಿನ ಜೊತೆಗೆ ಧಣಿಯ ಹೆಸರೂ ಇರುತ್ತದೆ. 1973ರಲ್ಲಿ ತೈಲದ ಬೆಲೆ ಏರಿ, ಆ ಮರಳುಗಾಡಿನಲ್ಲಿ ರಸ್ತೆ, ಬಂದರು, ನಗರಗಳು ಏಳತೊಡಗಿದಾಗ ಲಕ್ಷಗಟ್ಟಲೆ ಕೈಗಳು ಬೇಕಾದವು. ಅಷ್ಟು ಜನರನ್ನು ಬರಮಾಡಿಕೊಳ್ಳಬೇಕು, ಆದರೆ ಅವರು ಅಲ್ಲಿಯವರೇ ಆಗಿ ಉಳಿಯಬಾರದು. ಈ ಎರಡು ಉದ್ದೇಶವನ್ನೂ ಒಂದೇ ಕಟ್ಟಿನಲ್ಲಿ ಸಾಧಿಸಿದ್ದು ಈ ಜಾಮೀನಿನ ಪದ್ಧತಿ. ಸರಕಾರ ತಾನು ನೋಡಿಕೊಳ್ಳಬೇಕಾದ ಕಾವಲನ್ನು ಖಾಸಗಿಯವರ ಕೈಗೆ ಕೊಟ್ಟಂತಾಯಿತು. ಕಾವಲು ಯಾರ ಕೈಯಲ್ಲಿ ಇರುತ್ತದೋ ಅವರ ಕೈಗೆ ಬೆಲೆ ಬರುವುದು ಲೋಕರೂಢಿಯಷ್ಟೆ.

ಮೊದಲು ನಮ್ಮ ಕಡೆಯ ನಿಯಮವನ್ನು ನೋಡೋಣ. 1922ರ ಹಳೆಯ ಕಾಯಿದೆಯನ್ನು ತೆಗೆದು ಭಾರತ ಸರಕಾರ 1983ರಲ್ಲಿ ವಲಸೆ ಕಾಯಿದೆಯನ್ನು ಮಾಡಿತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇ.ಸಿ.ಆರ್.’ ವರ್ಗಕ್ಕೆ ಸೇರುತ್ತದೆ. ಹಾಗೆಂದರೆ, ಕೊಲ್ಲಿಯ ದೇಶಗಳೂ ಮಲೇಶಿಯ ಮೊದಲಾದವೂ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೊರಡುವ ಮುನ್ನ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಅದರ ಶುಲ್ಕ 200 ರೂಪಾಯಿ. ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಯ ವಿಮೆಯನ್ನೂ ಕಡ್ಡಾಯವಾಗಿ ಮಾಡಿಸಬೇಕು. 2017ರಲ್ಲಿ ತಿದ್ದಿದ ದರದಂತೆ ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಿಂದ ಸಾವು ಬಂದರೆ ಅಥವಾ ಶಾಶ್ವತವಾದ ಊನವಾದರೆ 10 ಲಕ್ಷ ರೂಪಾಯಿ ಸಲ್ಲುತ್ತದೆ. ಈ ವರ್ಗದ ಪಾಸ್‌ಪೋರ್ಟಿನ ಹೆಂಗಸರು 30 ವರ್ಷ ತುಂಬದೆ ಆ ದೇಶಗಳಿಗೆ ದುಡಿಯಲು ಹೋಗುವಂತಿಲ್ಲ.

ಇನ್ನು ಏಜೆಂಟರ ಮಾತು. ಆಳು ಒದಗಿಸುವ ಏಜೆಂಟನು ಸರಕಾರದಲ್ಲಿ ಹೆಸರು ನೋಂದಾಯಿಸಿ ಪರವಾನಗಿ ಪಡೆದಿರಬೇಕು. ಆತ ಆಳಿನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ನಿಯಮವೇ ಗೆರೆ ಎಳೆದಿದೆ: ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇಕಡಾ 18 ತೆರಿಗೆ, ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಪರವಾನಗಿಯುಳ್ಳ ಏಜೆಂಟರ ಪಟ್ಟಿ ವಿದೇಶಾಂಗ ಖಾತೆಯ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರಿಗಾದರೂ ಕಾಣಸಿಗುತ್ತದೆ. ಆದರೆ ಹಳ್ಳಿಯ ಹುಡುಗನಿಗೆ ಏಜೆಂಟನ ಮುಖ ಕಾಣುವುದು ಅಪರೂಪ. ಅವನು ಕಾಣುವುದು ಏಜೆಂಟನ ಪರಿಚಯದವನ ಪರಿಚಯದವನನ್ನು. ಒಬ್ಬೊಬ್ಬನೂ ತನ್ನ ಪಾಲನ್ನು ಸೇರಿಸುತ್ತ ಹೋಗುತ್ತಾನೆ. ಈ ಉಪ ಏಜೆಂಟರಿಗೆ ಕಾಯಿದೆಯಲ್ಲಿ ಜಾಗವೇ ಇಲ್ಲ. ಆದ್ದರಿಂದ ರಸೀದಿಯೂ ಇಲ್ಲ.

ಗೆರೆ ಎಷ್ಟು ದೂರ ದಾಟಬಹುದೆಂಬುದಕ್ಕೆ ಒಂದು ನಿದರ್ಶನ. 2015ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ತನಿಖಾ ದಳ ಒಂದು ಮೊಕದ್ದಮೆ ಹೂಡಿತು. ಕುವೈತಿನ ಆರೋಗ್ಯ ಖಾತೆಗೆ ದಾದಿಯರನ್ನು ಒದಗಿಸುವ ಸಂಸ್ಥೆಯೊಂದು, 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ತಲೆಗೆ 19 ಲಕ್ಷ 50 ಸಾವಿರದಂತೆ ವಸೂಲು ಮಾಡಿತೆಂಬುದು ಅದರಲ್ಲಿನ ಆರೋಪ. ಅಂಕಿಗೆ ಎರಡು ಸೊನ್ನೆ ಹೆಚ್ಚು ಬಿದ್ದಂತಾಯಿತು. ಅದೇ ವರ್ಷ ಭಾರತ ಸರಕಾರ, ಆ 18 ದೇಶಗಳಿಗೆ ಹೋಗುವ ದಾದಿಯರು ಸರಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕೆಂದು ವಿಧಿಸಿತು. ಓದಿದ ದಾದಿಯರ ಪಾಡೇ ಹೀಗಾದರೆ, ಗಾರೆ ಕೆಲಸದವನ ಪಾಡನ್ನು ಊಹಿಸಿಕೊಳ್ಳಬಹುದು.

ಇಲ್ಲೊಂದು ಲೆಕ್ಕ ಮಾಡೋಣ. ಒಬ್ಬ ಹುಡುಗ ವೀಸಾಕ್ಕೆಂದು 1,20,000 ರೂಪಾಯಿ ಕೊಟ್ಟನೆಂದು ಇಟ್ಟುಕೊಳ್ಳಿ. ಅಷ್ಟನ್ನೂ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಮೇಲೆ ತಂದಿದ್ದಾನೆ. ಮೊದಲ ತಿಂಗಳ ಬಡ್ಡಿಯೇ 2,400 ರೂಪಾಯಿ. ಅವನು ತನ್ನ ಹೊಟ್ಟೆಬಟ್ಟೆ ಕಳೆದು, ಮನೆಯ ಖರ್ಚಿಗೂ ಅಷ್ಟಿಷ್ಟು ಕಳುಹಿಸಿ, ಸಾಲಕ್ಕೆಂದೇ ತಿಂಗಳಿಗೆ 10,000 ರೂಪಾಯಿ ಕಟ್ಟುತ್ತ ಹೋದರೂ ಸಾಲ ಹರಿಯಲು 14 ತಿಂಗಳು ಬೇಕು. ಕರಾರು ಇರುವುದು ಸಾಮಾನ್ಯವಾಗಿ ಎರಡು ವರ್ಷಕ್ಕೆ, ಎಂದರೆ 24 ತಿಂಗಳಿಗೆ. ಅದೇ ಹುಡುಗ ನಿಯಮದಂತೆ 35,400 ಮಾತ್ರ ಕೊಟ್ಟಿದ್ದರೆ, ಅದೇ ಬಡ್ಡಿಗೆ ಅದೇ ಕಂತಿನಲ್ಲಿ, ನಾಲ್ಕನೆಯ ತಿಂಗಳು ಮುಗಿಯುವ ಮೊದಲೇ ಸಾಲ ತೀರುತ್ತಿತ್ತು. ನಡುವಿನ ಹತ್ತು ತಿಂಗಳ ಬಿಸಿಲು ಯಾರಿಗಾಗಿ?

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. ಸಾಲದ ಹೊರೆ ಹೊತ್ತವನು ಧಣಿಯ ಎದುರು ತುಟಿ ಬಿಚ್ಚಲಾರ. ಒಪ್ಪಿದ ಸಂಬಳಕ್ಕಿಂತ ಕಡಿಮೆ ಕೊಟ್ಟರೂ, ಬಡಗಿಯೆಂದು ಕರೆದು ಮಣ್ಣು ಹೊರಿಸಿದರೂ, “ಇಲ್ಲ, ಊರಿಗೆ ಹೋಗುತ್ತೇನೆ” ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಊರಿನಲ್ಲಿ ಸಾಲಗಾರ ಕಾದು ಕುಳಿತಿದ್ದಾನೆ. ಕಫೀಲನ ಹಿಡಿತ ಅರ್ಧ ಅರಬ್ ದೇಶದಲ್ಲಿ ಹುಟ್ಟಿದ್ದರೆ, ಇನ್ನರ್ಧ ನಮ್ಮ ಊರಿನ ಸಾಲಪತ್ರದಲ್ಲಿ ಹುಟ್ಟಿದ್ದು. ಇದನ್ನು ನಾವು ಒಪ್ಪಿಕೊಳ್ಳಬೇಕು.

ಈಗ ಕಡಲಾಚೆಗೆ ಹೋಗೋಣ. ಸೌದಿ ಅರೇಬಿಯದ ಕಾರ್ಮಿಕ ಕಾಯಿದೆಯ 40ನೆಯ ಕಲಮು ಈ ವಿಷಯದಲ್ಲಿ ಬಹಳ ಸ್ಪಷ್ಟ. ಪರದೇಶದ ಆಳನ್ನು ತರಿಸಿಕೊಳ್ಳುವ ಶುಲ್ಕ, ಇಕಾಮದ ಶುಲ್ಕ, ಕೆಲಸದ ಪರವಾನಗಿಯ ಶುಲ್ಕ, ಇವುಗಳ ನವೀಕರಣ, ನವೀಕರಣ ತಡವಾದರೆ ಬೀಳುವ ದಂಡ, ಕಸುಬಿನ ಹೆಸರು ಬದಲಾಯಿಸುವ ಶುಲ್ಕ, ಊರಿಗೆ ಹೋಗಿ ಬರುವ ವೀಸಾ, ಕರಾರು ಮುಗಿದಾಗ ಹಿಂದಿರುಗುವ ಟಿಕೆಟು, ಇವೆಲ್ಲ ಧಣಿಯದೇ. ಆಳು ಬೇರೆ ಧಣಿಯ ಬಳಿಗೆ ಹೋದರೆ ಆ ವರ್ಗಾವಣೆಯ ಶುಲ್ಕ ಹೊಸ ಧಣಿಯದು. ಆಳು ಕೆಲಸಕ್ಕೆ ಯೋಗ್ಯನಲ್ಲದಿದ್ದರೆ, ಅಥವಾ ಸರಿಯಾದ ಕಾರಣವಿಲ್ಲದೆ ತಾನಾಗಿ ಹೊರಟರೆ ಮಾತ್ರ ಹಿಂದಿರುಗುವ ಖರ್ಚು ಅವನ ಮೇಲೆ ಬೀಳಬಹುದು. ಸಂಯುಕ್ತ ಅರಬ್ ಎಮಿರೇಟುಗಳಲ್ಲಿಯೂ, ಎಂದರೆ ದುಬೈ, ಅಬುಧಾಬಿಗಳ ಒಕ್ಕೂಟದಲ್ಲಿಯೂ, 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಹೊಸ ಕಾಯಿದೆಯ ಪ್ರಕಾರ ಆಳನ್ನು ಕರೆಸಿದ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಅವನಿಂದ ವಸೂಲು ಮಾಡುವಂತಿಲ್ಲ.

ಈ ಖರ್ಚು ಚಿಲ್ಲರೆಯದಲ್ಲ. ತಮ್ಮ ದೇಶದವರಿಗೆ ಕೆಲಸ ಸಿಗಲೆಂದು ಸೌದಿ ಸರಕಾರ ಪರದೇಶದ ಆಳಿನ ಮೇಲಿನ ಸುಂಕವನ್ನು 2018ರಿಂದ ಮೂರು ವರ್ಷ ಏರಿಸುತ್ತ ಬಂದಿತು. 2020ರ ದರದಂತೆ, ಸೌದಿಯವರಿಗಿಂತ ಪರದೇಶದವರೇ ಹೆಚ್ಚಿರುವ ಸಂಸ್ಥೆ, ಹೆಚ್ಚಾದ ಒಬ್ಬೊಬ್ಬ ಆಳಿಗೂ ತಿಂಗಳಿಗೆ 800 ರಿಯಾಲು ಕಟ್ಟಬೇಕು; ಉಳಿದ ಕಡೆ 700. ಕಾರ್ಖಾನೆಗಳಿಗೂ ಕೆಲವು ಚಿಕ್ಕ ಅಂಗಡಿಗಳಿಗೂ ರಿಯಾಯಿತಿ ಕೊಟ್ಟದ್ದುಂಟು. ತಿಂಗಳಿಗೆ 800 ಎಂದರೆ ವರ್ಷಕ್ಕೆ 9,600 ರಿಯಾಲು. ಇಕಾಮದ ವಾರ್ಷಿಕ ಶುಲ್ಕ 650 ಸೇರಿದರೆ 10,250. ತಿಂಗಳಿಗೆ 1,500 ರಿಯಾಲು ಸಂಬಳದ ಆಳಿಗೆ ಧಣಿ ವರ್ಷವಿಡೀ ಕೊಡುವುದು 18,000. ಅವನ ಹೆಸರಿನಲ್ಲಿ ಸರಕಾರಕ್ಕೆ ಕೊಡುವುದು 10,250. ಸಂಬಳದ ಅರ್ಧಕ್ಕಿಂತಲೂ ಹೆಚ್ಚು! ಲೆಕ್ಕ ಬಲ್ಲ ಧಣಿಗೆ ಇದನ್ನು ಆಳಿನ ತಲೆಗೆ ಕಟ್ಟುವ ಮನಸ್ಸು ಏಕೆ ಬರುತ್ತದೆಂಬುದು ಇಲ್ಲಿ ತಿಳಿಯುತ್ತದೆ. ಆ ಮನಸ್ಸಿಗೆ ಕಾರಣ ಉಂಟು ಎಂದ ಮಾತ್ರಕ್ಕೆ ಹಕ್ಕು ಉಂಟು ಎಂದಲ್ಲ.

ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡವರ ಪಾಡು ಬೇರೆ. 2017ರ ಜುಲೈಯಿಂದ ಒಬ್ಬೊಬ್ಬ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲು ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲು. ಇದು ಧಣಿಯದಲ್ಲ, ದುಡಿಯುವವನ ಹೊಣೆಯೇ. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಬಂದವು. ಗಂಡಸು ಮಾತ್ರ ಅಲ್ಲಿ ಹಂಚಿಕೆಯ ಕೋಣೆಯಲ್ಲಿ ಉಳಿದ.

ಈಗ ‘ಆಜಾದ್ ವೀಸಾ’ ಎಂಬುದರ ಬಗ್ಗೆ ಹೇಳಲೇಬೇಕು. ‘ಫ್ರೀ ವೀಸಾ’ ಎಂದೂ ಇದನ್ನು ಕರೆಯುತ್ತಾರೆ. ಹೆಸರು ಕೇಳಿದರೆ ಬಿಡುಗಡೆಯ ಪತ್ರದಂತೆ ತೋರುತ್ತದೆ. ಒಳಗೆ ಅದು ಪುಕ್ಕಟೆಯೂ ಅಲ್ಲ, ಸ್ವಾತಂತ್ರ್ಯವೂ ಅಲ್ಲ. ಅಲ್ಲಿಯ ಪ್ರಜೆಯೊಬ್ಬ, ತನ್ನಲ್ಲಿ ಕೆಲಸವಿಲ್ಲದಿದ್ದರೂ, ಮನೆಯ ಚಾಲಕನೆಂದೋ ಅಂಗಡಿಯ ಆಳೆಂದೋ ಹೆಸರು ಬರೆಸಿ ವೀಸಾ ತೆಗೆಯುತ್ತಾನೆ, ಅದನ್ನು ಮಾರುತ್ತಾನೆ. ಕೊಂಡವನು ಎಲ್ಲಿ ಬೇಕಾದರೂ ಕೆಲಸ ಹುಡುಕಿಕೊಳ್ಳಬಹುದು ಎಂಬುದು ಬಾಯಿಮಾತಿನ ಒಪ್ಪಂದ. ಕಫೀಲನಿಗೆ ತಿಂಗಳ ಕಾಣಿಕೆ ಬೇರೆ; ಇಕಾಮದ ಶುಲ್ಕ, ಮೇಲೆ ಹೇಳಿದ ಸುಂಕ, ಎಲ್ಲವೂ ಆಳಿನ ಜೇಬಿನಿಂದಲೇ. ಆದರೆ ಸೌದಿ ಕಾಯಿದೆಯ 39ನೆಯ ಕಲಮಿನ ಪ್ರಕಾರ ಒಬ್ಬರ ಹೆಸರಿನ ಆಳು ಇನ್ನೊಬ್ಬರಲ್ಲಿ ದುಡಿಯುವುದೇ ತಪ್ಪು. 2013ರಲ್ಲಿ ಅಲ್ಲಿಯ ಸರಕಾರ, ಕಾಗದಪತ್ರ ಸರಿಪಡಿಸಿಕೊಳ್ಳಿ ಇಲ್ಲವೇ ಹೊರಡಿ ಎಂದು ಗಡುವು ಕೊಟ್ಟಿತು. ನವೆಂಬರ್ 3ಕ್ಕೆ ಆ ಗಡುವು ಮುಗಿದು ತಪಾಸಣೆ ಆರಂಭವಾದಾಗ, ವರ್ಷಗಟ್ಟಲೆ ನಿರಾತಂಕವಾಗಿ ದುಡಿದಿದ್ದವರು ಒಂದೇ ದಿನದಲ್ಲಿ ಅಪರಾಧಿಗಳಾಗಿ ನಿಂತರು. ಅವರ ಹೆಸರಿಗೆ ಹೊಣೆ ನಿಂತ ಕಫೀಲ ದೂರವಾಣಿ ಎತ್ತದಿದ್ದರೆ ಕೇಳುವವರು ಯಾರು?

ಪ್ರವಾಸದ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವುದೂ ಇದೇ ಜಾತಿಯ ತೊಡಕು. ಎಮಿರೇಟುಗಳಲ್ಲಿ 2024ರ ತಿದ್ದುಪಡಿಯ ಮೇರೆಗೆ, ಪರವಾನಗಿಯಿಲ್ಲದವನನ್ನು ದುಡಿಸಿಕೊಂಡ ಧಣಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮಿನವರೆಗೆ ದಂಡ. “ಮೊದಲು ವಿಸಿಟಿನಲ್ಲಿ ಬಾ, ಆಮೇಲೆ ನೋಡೋಣ” ಎನ್ನುವವನ ಮಾತಿಗೆ ಕಿವಿಗೊಡುವ ಮುನ್ನ ಈ ಅಂಕಿಯನ್ನು ನೆನೆಯುವುದು ಒಳಿತು.

ಜಾಮೀನಿನ ಗಂಟು ಸಡಿಲವಾಗಿಲ್ಲವೇ ಎಂದರೆ, ಆಗಿದೆ. ಕತಾರ್ 2018ರಲ್ಲಿ ಬಹುಪಾಲು ಆಳುಗಳಿಗೆ ದೇಶ ಬಿಡಲು ಧಣಿಯ ಅಪ್ಪಣೆ ಬೇಕಿಲ್ಲವೆಂದಿತು. 2020ರಲ್ಲಿ ಕೆಲಸ ಬದಲಾಯಿಸಲು ಅವನ ಒಪ್ಪಿಗೆ ಪತ್ರವೂ ಬೇಡವೆಂದಿತು. 2021ರ ಮಾರ್ಚ್ 20ರಿಂದ ಎಲ್ಲ ದೇಶದವರಿಗೂ ಮನೆಗೆಲಸದವರಿಗೂ ಸೇರಿ ತಿಂಗಳಿಗೆ 1,000 ರಿಯಾಲಿನ ಕನಿಷ್ಠ ವೇತನ ಗೊತ್ತುಮಾಡಿತು. ಧಣಿ ಊಟ ವಸತಿ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ಬೇರೆ. ಸೌದಿಯಲ್ಲಿ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡಿದವನು ಕ್ರಮವಾಗಿ ಸೂಚನೆ ಕೊಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ರಜೆಗೆ ಊರಿಗೆ ಬರಲು ಧಣಿಯ ಅಪ್ಪಣೆ ಬೇಕಿಲ್ಲ. ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟದ ಮಾಲಿಗಳು, ಹೊಲದ ಆಳುಗಳು, ಕುರಿ ಕಾಯುವವರು ಈ ಸುಧಾರಣೆಯಿಂದ ಹೊರಗುಳಿದರು. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಸಿಗಲಿಲ್ಲ. ಕುವೈತ್ ಎದುರು ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತು: 2025ರ ಜುಲೈ 1ರಿಂದ ಅಲ್ಲಿಯ ಖಾಸಗಿ ಸಂಸ್ಥೆಗಳ ಪರದೇಶಿ ನೌಕರರು ದೇಶ ಬಿಡುವ ಮುನ್ನ ಧಣಿ ಒಪ್ಪಿದ ನಿರ್ಗಮನ ಪತ್ರ ಪಡೆಯಬೇಕು. ಆದ್ದರಿಂದ ‘ಗಲ್ಫಿನಲ್ಲಿ ಹೀಗಂತೆ’ ಎಂಬ ಒಂದೇ ಮಾತು ಎಲ್ಲ ದೇಶಗಳಿಗೂ ಸಲ್ಲದು. ಯಾವ ದೇಶ, ಯಾವ ವರ್ಗದ ಕೆಲಸ ಎಂದು ಮೊದಲು ಕೇಳಬೇಕು.

ಹೊರಡುವವನು ಕರಾರು ಪತ್ರವನ್ನು ಓದಿಸಿ ಕೇಳಬೇಕೆಂದು ಎಲ್ಲರೂ ಹೇಳುತ್ತಾರೆ. ಏನನ್ನು ಕೇಳಬೇಕೆಂದು ಹೇಳುವವರು ಕಡಿಮೆ. ಕೆಲಸದ ಹೆಸರೂ ಧಣಿಯ ಹೆಸರೂ ವೀಸಾದಲ್ಲಿ ಇದ್ದಂತೆಯೇ ಇರಬೇಕು. ಸೌದಿಯಲ್ಲಾದರೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಮೇಲಿನ ಗಂಟೆಗೆ ಒಂದೂವರೆ ಪಾಲು. ವರ್ಷಕ್ಕೆ 21 ದಿನ ಸಂಬಳಸಹಿತ ರಜೆ, ಐದು ವರ್ಷ ಕಳೆದ ಮೇಲೆ 30. ಎಲ್ಲಕ್ಕಿಂತ ಮುಖ್ಯವಾಗಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂಬ ವಿಂಗಡಣೆ ನೋಡಬೇಕು. ಒಟ್ಟು 1,500 ಎಂಬುದರಲ್ಲಿ ಮೂಲ ವೇತನ 800 ಮಾತ್ರ ಇದ್ದರೆ ಏನಾಗುತ್ತದೆ? ಎಮಿರೇಟುಗಳಲ್ಲಿ ಕೆಲಸ ಬಿಡುವಾಗ ಸಲ್ಲುವ ಇಡಿಗಂಟು, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನದಂತೆ, ತರುವಾಯ 30 ದಿನದಂತೆ. 800ರ ಲೆಕ್ಕದಲ್ಲಿ 21 ದಿನಕ್ಕೆ 560 ದಿರ್ಹಮು. 1,500ರ ಲೆಕ್ಕದಲ್ಲಿ 1,050. ಕಾಗದದ ಮೇಲಿನ ಒಂದು ಗೆರೆ ಪ್ರತಿ ವರ್ಷದ ಗಂಟನ್ನು ಅರ್ಧದ ಹತ್ತಿರಕ್ಕೆ ಇಳಿಸಿತು.

ಸೌದಿಯಲ್ಲಿ ಈ ಇಡಿಗಂಟಿನ ಲೆಕ್ಕ ಕೊನೆಯ ಸಂಬಳದ ಮೇಲೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳು, ಆಮೇಲೆ ವರ್ಷಕ್ಕೆ ಒಂದು ತಿಂಗಳು. ಎಂಟು ವರ್ಷ ದುಡಿದವನನ್ನು ಧಣಿಯೇ ಕಳುಹಿಸಿದರೆ ಐದೂವರೆ ತಿಂಗಳ ಸಂಬಳ ಸಲ್ಲಬೇಕು. ತಾನೇ ರಾಜೀನಾಮೆ ಕೊಟ್ಟರೆ ಅದರ ಮೂರನೆಯ ಎರಡು ಪಾಲು. ಎರಡರಿಂದ ಐದು ವರ್ಷದೊಳಗೆ ಬಿಟ್ಟವನಿಗೆ ಮೂರನೆಯ ಒಂದು ಪಾಲು, ಎರಡು ವರ್ಷವೂ ತುಂಬದೆ ಬಿಟ್ಟರೆ ಏನೂ ಇಲ್ಲ. ಹತ್ತು ವರ್ಷ ಕಳೆದಿದ್ದರೆ ಪೂರ್ತಿ. ಕೊನೆಯ ದಿನ ಧಣಿ ಮುಂದಿಡುವ ಅರಬ್ಬಿ ಕಾಗದಕ್ಕೆ, ‘ಎಲ್ಲ ಪಾವತಿಯಾಯಿತು’ ಎಂದಿರುವುದನ್ನು ಅರಿಯದೆ, ವಿಮಾನದ ಅವಸರದಲ್ಲಿ ರುಜು ಹಾಕಿ ಬರುವವರಿದ್ದಾರೆ. ರುಜು ಹಾಕುವ ಮೊದಲು ಈ ಲೆಕ್ಕವನ್ನು ಬೆರಳಿನಲ್ಲಾದರೂ ಎಣಿಸಿ ನೋಡಬೇಕು.

ತಕರಾರು ಬಂದರೆ ಭಾರತದ ರಾಯಭಾರ ಕಚೇರಿಗೆ ಹೋಗಬಹುದು; 2015ರಲ್ಲಿ ತೆರೆದ ‘ಮದದ್’ ಜಾಲತಾಣದಲ್ಲಿ ಊರಿನಿಂದ ಮನೆಯವರೂ ದೂರು ಬರೆಯಬಹುದು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ದಿಕ್ಕಿಲ್ಲದವರಿಗೆ ಊಟ ವಸತಿಯ, ವಕೀಲರ, ಟಿಕೆಟಿನ ನೆರವು ಸಿಗುತ್ತದೆ. ಅಲ್ಲೇ ತೀರಿಕೊಂಡವರ ದೇಹವನ್ನು ಊರಿಗೆ ತರುವುದಕ್ಕೂ ಅದೇ ನಿಧಿ. ಬಾಕಿಯ ದಾವೆಗೆ ಮಾತ್ರ ಅವಧಿ ಉಂಟು. ಸೌದಿಯಲ್ಲಿ ಕೆಲಸದ ಸಂಬಂಧ ಮುಗಿದ 12 ತಿಂಗಳೊಳಗೆ, ಎಮಿರೇಟುಗಳಲ್ಲಿ 2024ರ ತಿದ್ದುಪಡಿಯ ತರುವಾಯ ಎರಡು ವರ್ಷದೊಳಗೆ ಹೂಡಬೇಕು. ಊರಿಗೆ ಹೊರಡಲೇಬೇಕಾದವನು ಅದಕ್ಕೆ ಮುಂಚೆ ರಾಯಭಾರ ಕಚೇರಿಯಲ್ಲಿ ನಂಬಿಕೆಯ ಒಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಬರಬೇಕು; ಇಕಾಮದ, ಕರಾರಿನ, ಸಂಬಳದ ಚೀಟಿಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿಯೂ ಇರಿಸಿರಬೇಕು.